ಮೀರಾಬಾಯಿಯ ಎರಡನೆಯ ಬೋಣಿ

ಮೈಲೂರಿನ ಮೀರಾಬಾಯಿ ಬಾಣಲೆಯ ಮುಂದೆ ಕೂತರೆ ಬೀದರ ಕೋಟೆಯ ತೋಪುಗಳೂ ತೆಪ್ಪಗಾಗಬೇಕು. ಉದ್ಯಾನದ ಗೇಟಿನೆದುರು ಆಕೆ ಕರಿಯುತ್ತಿದ್ದ ಮಿರ್ಚಿ ಭಜಿಗೆ ಭಾಲ್ಕಿ ಬಸ್ಸಿನ ಡ್ರೈವರನೂ ಹಾರ್ನ್ ಹೊಡೆದು ಸಲಾಮು ಮಾಡುತ್ತಿದ್ದ.

ಆಮೇಲೆ ಊರನ್ನು ಚೆಂದಗಾಣಿಸುವ ಯೋಜನೆ ಬಂತು. ಉದ್ಯಾನಕ್ಕೆ ಬೇಲಿ, ಕಾರಂಜಿ, ಬೆಂಚುಗಳಾದವು; ತಳ್ಳುಗಾಡಿಯವರನ್ನೆಲ್ಲ ಹಿಂಬದಿಯ ಹೊಸ ತಗಡಿನ ಮಳಿಗೆಗಳಿಗೆ ಕಳಿಸಿದರು. ಅಲ್ಲಿ ನೀರಿತ್ತು, ದೀಪವಿತ್ತು, ನೀಲಿ ಬಣ್ಣವಿತ್ತು, ಗಿರಾಕಿಯೊಬ್ಬನಿರಲಿಲ್ಲ. ಮುಚ್ಚಿದ ಮಳಿಗೆ ಬೇರೆಯವರ ಪಾಲು ಎಂಬ ನಿಯಮ ಬೇರೆ. ಪಕ್ಕದ ಚಹಾದ ದತ್ತಾತ್ರಿ ಆಗಲೇ ಗಂಟು ಕಟ್ಟತೊಡಗಿದ್ದ.

ಸೋಲಿನ ಕಾರಣ ಮೀರಾಬಾಯಿಗೆ ಗೊತ್ತಿತ್ತು.

"ಉದ್ಘಾಟನಿ ದಿನ ಸಾಹೇಬರು ಪುಕ್ಕಟ ತಿಂದ್ರು. ಮೊದಲ್ನೇ ಬೋಣಿನೇ ಪುಕ್ಕಟ ಆದ್ರ ಅಂಗಡಿ ಹ್ಯಾಂಗ ನಡೀತದ, ದತ್ತಾ?"

"ಮತ್ತ ಏನ್ ಮಾಡ್ತಿ, ಅಕ್ಕಾ?"

"ಬೋಣಿ ಮತ್ತೊಮ್ಮಿ ಮಾಡಸ್ತೀನಿ. ಹನ್ನಾ ಸಿಸ್ಟರ್ ಕೈಲೆ."

ಹಳೆಯ ಜಾಗದಲ್ಲಿ ದಿನದ ಮೊದಲ ಭಜಿ ಕೊಳ್ಳುತ್ತಿದ್ದವಳು ನರ್ಸ್ ಹನ್ನಾ. ಆ ಕೈಗುಣಕ್ಕೆ ಬೋಗುಣಿಯಲ್ಲಿ ಹಿಟ್ಟು ಉಳಿದದ್ದೇ ಇಲ್ಲ. ಸಂಜೆ ಮೀರಾಬಾಯಿ ಜರಿಯಂಚಿನ ಸೀರೆಯುಟ್ಟು, ಭಜಿ ಎತ್ತುವ ಝಾರಾ ಹಿಡಿದು, ಉದ್ಯಾನದ ಗೇಟಿನ ಬಳಿ 'ಇಲ್ಲಿ ವ್ಯಾಪಾರ ನಿಷೇಧ' ಎಂಬ ಫಲಕದ ಕೆಳಗಿನ ಬೆಂಚನ್ನು ಸಿಂಹಾಸನದಂತೆ ಏರಿದಳು. ಕಾವಲುಗಾರ ಉಮೇರ ಓಡಿಬಂದ.

"ಖಾಲಾ, ಇಲ್ಲಿ ಧಂದಾ ಬಂದ್ ಅದರಿ!"

"ಧಂದಾ ಎಲ್ಲದಪಾ? ಹವಾ ತಗೊಳ್ಳಲತ್ತೀನಿ."

"ಕೈಯಾಗ ಝಾರಾ ಯಾಕರಿ?"

"ಸೊಳ್ಳಿ ಬಾಳ ಅವ."

ಅಷ್ಟರಲ್ಲಿ ಡ್ಯೂಟಿ ಮುಗಿಸಿ ಆ ದಾರಿಯಲ್ಲೇ ಮನೆಗೆ ಹೊರಟ ಹನ್ನಾ ಕಂಡಳು.

"ಅಯ್ಯ ಮೀರಾ, ಊರು ಬಿಟ್ಟಿ ಅಂತ ತಿಳ್ಕೊಂಡಿದ್ನಲ್ಲ!"

"ಊರು ಎಲ್ಲಿ ಬಿಡ್ಲಿರಿ, ನನ್ನ ಕಾರಂಜಿ ಹಿಂದ ಬಚ್ಚಿಟ್ಟಾರ!"

ಒಂದು ಕೈಯಲ್ಲಿ ಹನ್ನಾ, ಇನ್ನೊಂದರಲ್ಲಿ ಧ್ವಜದಂತೆ ಝಾರಾ. ದಂಡು ಹೊರಟಿತು. ವಾಕಿಂಗಿನವರು ಏನೋ ಜಗಳವಿರಬೇಕೆಂದು ಆಸೆಯಿಂದ ಹಿಂಬಾಲಿಸಿದರು. ಮಳಿಗೆಗಳತ್ತ ತೆರೆಯುವ ಹಿಂದಿನ ಗೇಟಿಗೆ ಬೀಗವಿತ್ತು. ಉಮೇರ ಆ ಜನವನ್ನು ನೋಡಿದ, ಝಾರಾ ನೋಡಿದ, ಬೀಗ ತೆಗೆದ.

ಮಳಿಗೆಯಲ್ಲಿ ಮೀರಾಬಾಯಿ ಬಿಸಿಬಿಸಿ ಕರಿದಳು; ಹನ್ನಾ ರೊಕ್ಕ ಕೊಟ್ಟು ಮೊದಲ ಭಜಿ ಕಚ್ಚಿದಳು. ಕಣ್ಣಲ್ಲಿ ನೀರು ಬಂತು, ಖಾರ ಹಾಗಿತ್ತು. ಹಿಂದಿದ್ದವರೆಲ್ಲ ಮುಗಿಬಿದ್ದರು, ಉಮೇರನೂ. ದತ್ತಾತ್ರಿ ಗಂಟು ಬಿಚ್ಚಿ ಒಲೆ ಹಚ್ಚಿದ. ಅಂದಿನಿಂದ ಸಂಜೆ ಆ ಗೇಟಿಗೆ ಬೀಗ ಬಿದ್ದಿಲ್ಲ.

ಯೋಜನೆ ಫಲಿಸಿತೋ ಇಲ್ಲವೋ ನೋಡಲು ಆಮೇಲೊಂದು ದಿನ, ಉದ್ಘಾಟನೆಯಂದು ಪುಕ್ಕಟೆ ತಿಂದಿದ್ದ ಅಧಿಕಾರಿ ರತ್ನದೀಪ ಬಂದ. "ಜನ ಬರ್ಲಾಕ ಆ ಗೇಟೇ ಕಾರಣ ಏನ್ರಿ?"

"ಗೇಟ್ ಅಲ್ಲರಿ ಸಾಹೇಬ್ರ, ಬೋಣಿ."

ರತ್ನದೀಪ ನಕ್ಕು, ಜೇಬಿನಿಂದ ರೊಕ್ಕ ತೆಗೆದು, ಬಿಸಿ ಭಜಿಗೆ ಕೈ ಚಾಚಿದ. ಝಾರಾ ಅಡ್ಡ ಬಂತು.

"ಜರಾ ತಡೀರಿ. ಸಿಸ್ಟರ್ ಇನ್ನಾ ಬಂದಿಲ್ಲ."