ಬೆನ್ನ ಹಿಂದಿನ ಕೈಗಳು
ಹುಡಗಿ ಎಂಬ ಗ್ರಾಮದ ಅಂಗನವಾಡಿಯ ಜಗದೇವಿ ಟೀಚರ್‌ಗೆ ಸುಮ್ಮನೆ ಕುಳಿತ ಮಗುವನ್ನು ಕಂಡರಾಗದು. ತೊಗರಿ ಕಟ್ಟಿಗೆ ಸಿಕ್ಕರೆ ಜಿಗಿಯಲು ಸಾಲಾಗಿ ಇಡುತ್ತಾರೆ, ಖಾಲಿ ಚೀಲ ಸಿಕ್ಕರೆ ಅದರೊಳಗೆ ಮಕ್ಕಳನ್ನು ನುಸುಳಿಸುತ್ತಾರೆ. ಮೇಲಧಿಕಾರಿ ಬಂದರೂ ಕಪ್ಪೆಯಂತೆ ಕುಪ್ಪಳಿಸಿಯೇ ಒಳಗೆ ಬರಬೇಕು. ಮಕ್ಕಳು ಆಡುವಾಗ ಕೈಗಳನ್ನು ಹಿಂದೆ ಕಟ್ಟಿ ನಿಲ್ಲುವ ಟೀಚರನ್ನು ಊರವರು ‘ಸಾಹೇಬ್ರು’ ಎಂದು ಚುಡಾಯಿಸುತ್ತಾರೆ. ಅಜ್ಜಿಯ ಸೊಂಟದ ಮೇಲೆಯೇ ಬೆಳೆದ ದತ್ತು ಇಂದು ಮೊದಲ ಬಾರಿ ಕಟ್ಟಿಗೆಯ ಮುಂದೆ ಜಿಗಿಯಲು ನಿಂತ. “ಬೀಳ್ತಾನ್ರಿ ಟೀಚರ್, ಎತ್ಕೊಳ್ರಿ!” ಎಂದು ಅಜ್ಜಿ ಸೂಗಮ್ಮ ಓಡಿಬಂದಳು. “ಬೀಳ್ಲಿ ಬಿಡ್ರಿ ಆಯಿ, ನೆಲಾ ಏನ್ ಕಡೀತದೇನ್ರಿ?” ಎಂದರು ಟೀಚರ್, ಕದಲದೆ. ದತ್ತು ಜಿಗಿದ, ಮುಗ್ಗರಿಸಿದ, ತಾನೇ ಎದ್ದು ನಕ್ಕ. ಆಗ ಸೂಗಮ್ಮನ ಕಣ್ಣಿಗೆ ಬಿತ್ತು: ಮಗುವನ್ನು ಹಿಡಿಯಲು ತಾವೇ ಓಡಿಬಿಡಬಾರದೆಂದು ಟೀಚರ್ ಬೆನ್ನ ಹಿಂದೆ ತಮ್ಮ ಕೈಗಳನ್ನು ಸೆರಗಿನಲ್ಲಿ ಬಿಗಿದು ಸುತ್ತಿಕೊಂಡಿದ್ದರು.