ಕಾನ್ವೆಂಟಿನ ಗ್ಯಾದರಿಂಗಿನಲ್ಲಿ ನಾನು ಕೇಳಿದ ಪ್ರಶ್ನೆ

ನಾನು ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾದವಳು. ಮತ್ತೆ ಎರಡು ಸಲ ಕಟ್ಟಿ, ಎರಡು ಸಲವೂ ಫೇಲಾದ ಮೇಲೆ ಅಪ್ಪ ಹೊಲಿಗೆ ಕಲಿಯಲು ಹಾಕಿದ. ಹಾಗಾಗಿ ಯಾರಾದರೂ ತಮಗೆ ಇಂಗ್ಲಿಷ್ ಬರುತ್ತದೆ ಎಂದರೆ ನನಗೆ ಮೊದಲು ಅನುಮಾನ ಬರುತ್ತಿತ್ತು, ಆಮೇಲೆ ಹೊಟ್ಟೆಕಿಚ್ಚು. ಮಗಳನ್ನು ಸಾಲಿಗೆ ಹಾಕುವ ವರ್ಷ ಇವೆರಡೂ ಸೇರಿ ನನ್ನ ಕೈಯಿಂದ ಒಂದು ಕೆಲಸ ಮಾಡಿಸಿದವು.

ತೊಂಬತ್ತರ ದಶಕದ ಕೊನೆ ಅದು. ಕೂಡ್ಲಿಗಿಯಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಪಡಸಾಲೆಯಲ್ಲೇ ಮಿಷನ್ನು ಹಾಕಿಕೊಂಡು ಬಟ್ಟೆ ಹೊಲಿಯುತ್ತಿದ್ದೆ. ಮೇ ತಿಂಗಳು ಬಂತೆಂದರೆ ಬರೀ ಯೂನಿಫಾರ್ಮು. ಸರ್ಕಾರಿ ಸಾಲಿಯ ನೀಲಿ ಲಂಗ ಒಂದು ಕಡೆ, ಹೊಸ ಕಾನ್ವೆಂಟಿನ ಚೌಕುಳಿ ಸ್ಕರ್ಟು, ಚಡ್ಡಿ ಇನ್ನೊಂದು ಕಡೆ. ಇಂಗ್ಲಿಷ್ ಮೀಡಿಯಂ ಎಂದು ಬೋರ್ಡು ಹಾಕಿದ್ದೆಲ್ಲ ನಮ್ಮೂರಿಗೆ ಕಾನ್ವೆಂಟೇ. ಈ ಕಾನ್ವೆಂಟು ನಡೆಯುತ್ತಿದ್ದದ್ದು ಹಳೆಯ ಶೇಂಗಾ ಗೋದಾಮಿನಲ್ಲಿ. ಗೋಡೆಗೆ ಹೊಸ ಬಣ್ಣ ಹೊಡೆದು ಇಲಿ, ಮೊಲ, ಚಿಟ್ಟೆ ಬರೆಸಿದ್ದರು. ಮಳೆ ಬಂದರೆ ಮಾತ್ರ ಒಳಗೆಲ್ಲ ಶೇಂಗಾ ಹೊಟ್ಟಿನ ವಾಸನೆ ಏಳುತ್ತಿತ್ತು.

ಅಳತೆ ತೆಗೆಯುವಾಗ ಮಕ್ಕಳು ಬಾಯಿ ಬಿಡುತ್ತವೆ. ಎದುರಿಗೆ ಕೂತ ತಾಯಿಗೆ ಹೇಳದ್ದನ್ನು ಟೇಪು ಹಿಡಿದವಳಿಗೆ ಹೇಳುತ್ತವೆ. ಒಂದು ಸಾಲಿಯ ಹುಡುಗರು ನಾನು ಟೇಪು ಎತ್ತಿದ ಕೂಡಲೇ ಕಣ್ಣು ಮುಚ್ಚಿ ಅಂಗೈ ಮುಂದೆ ಚಾಚುತ್ತಿದ್ದರು. ಆ ಸಾಲಿಯನ್ನು ಅವತ್ತೇ ನನ್ನ ಲೆಕ್ಕದಿಂದ ತೆಗೆದುಹಾಕಿದೆ. ಬೇಸಿಗೆ ರಜೆಗೆ ಮುಂಚೆ ಬಂದಿದ್ದ ಕಾನ್ವೆಂಟಿನ ಒಬ್ಬ ಹುಡುಗ, "ನಾಳಿ ದೊಡ್ಡ ಸಾಹೇಬ್ರು ನೋಡಾಕ ಬರ್ತಾರಂತ ಆಂಟಿ, ಎಲ್ಲಾರೂ ಕನ್ನಡ ಪುಸ್ತಕ ತರಬೇಕಂತ," ಅಂದ. ಯಾಕೆ ಎಂದು ಕೇಳಿದರೆ, "ಇಂಗ್ಲಿಷ್ ಪುಸ್ತಕ ತಂದ್ರ ಸಾಲಿ ಮುಚ್ಚಿಸ್ತಾರಂತ," ಅಂದ. ಅಂದರೆ ಪರವಾನಗಿ ಇದ್ದದ್ದು ಕನ್ನಡಕ್ಕೆ, ಬೋರ್ಡು ಇದ್ದದ್ದು ಇಂಗ್ಲಿಷಿಗೆ. ನನ್ನ ಅನುಮಾನ ಬೇರು ಬಿಟ್ಟದ್ದು ಆಗಲೇ.

ನಮ್ಮನೆಯವರು ಕೊಟ್ಟೂರು ಮೇಲೆ ಹರಪನಹಳ್ಳಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರು. ಮಗಳಿಗೆ ಐದು ತುಂಬಿದ್ದೇ ತಡ, ದಿನಾ ಸಂಜೆ ಒಂದು ಸಾಲಿಯ ಸುದ್ದಿ ತರತೊಡಗಿದರು.

"ಹರಪನಹಳ್ಳ್ಯಾಗ ಒಂದು ಸಾಲಿ ಐತಂತ ನೋಡು, ಹುಡುಗ್ರು ಜಗಳಾನೂ ಇಂಗ್ಲಿಷ್‌ನ್ಯಾಗ ಆಡ್ತಾವಂತ."

"ನೀವು ಕೇಳೀರೇನ್ರಿ?"

"ನಾ ಎಲ್ಲಿ ಕೇಳ್ಲಿ. ಮುಂದಿನ ಸೀಟಿನ್ಯಾಗ ಕುಂತವ್ರು ಹೇಳಿದ್ರು."

ಮರುದಿನ ಹಡಗಲಿಯ ಒಂದು ಸಾಲಿ, ಅದರ ಮರುದಿನ ಹಗರಿಬೊಮ್ಮನಹಳ್ಳಿಯದು. ಯಾವುದನ್ನೂ ಅವರು ಕಣ್ಣಾರೆ ಕಂಡಿರಲಿಲ್ಲ, ಹೇಳಿದವರೂ ಕಂಡಿರಲಿಲ್ಲವೇನೋ. ಐದು ವರ್ಷದ ಕೂಸನ್ನು ಅಷ್ಟು ದೂರ ಕಳಿಸುವ ಮಾತೇ ಇರಲಿಲ್ಲ. ಆದರೂ ಆ ಸುದ್ದಿಗಳೆಲ್ಲ ಸೇರಿ ಕೊನೆಗೆ, "ನಮ್ಮೂರ ಕಾನ್ವೆಂಟಿಗಾರ ಹಾಕೋಣ," ಅನ್ನುವಲ್ಲಿಗೆ ಬಂದು ನಿಂತವು.

ಓಣಿಯವರನ್ನು ಕೇಳಿದೆ. ಒಬ್ಬಳು ಬೂಟಿಗೆ ಪಾಲಿಶ್ ಇಲ್ಲದಿದ್ದರೆ ವಾಪಸ್ ಕಳಿಸುವ ಸಾಲಿಯೇ ಒಳ್ಳೆಯದು ಅಂದಳು. ಇನ್ನೊಬ್ಬಳು ತಾಲ್ಲೂಕು ಕಚೇರಿಯ ಸಾಹೇಬರ ಮಗ ಹೋಗುವ ಕಡೆ ತನ್ನ ಮಗನೂ ಹೋಗುತ್ತಾನೆ ಅಂದಳು. ಒಳಗೆ ಏನು ಕಲಿಸುತ್ತಾರೆ ಎಂದು ಕೇಳಿದರೆ ಇಬ್ಬರೂ ನನ್ನನ್ನೇ ವಿಚಿತ್ರವಾಗಿ ನೋಡಿದರು.

ಆ ಬೇಸಿಗೆಯಲ್ಲೇ ನಮ್ಮ ಓಣಿಯ ಸರ್ಕಾರಿ ಸಾಲಿಯ ಟೀಚರು ಮಗನ ಯೂನಿಫಾರ್ಮ್ ಹೊಲಿಸಲು ಬಂದರು. ಚೀಲದಿಂದ ತೆಗೆದದ್ದು ಕಾನ್ವೆಂಟಿನ ಚೌಕುಳಿ ಬಟ್ಟೆ! ನನಗೆ ತಡೆಯಲಾಗಲಿಲ್ಲ.

"ಟೀಚರ್, ನಿಮ್ಮ ಮಗ ನಿಮ್ಮ ಸಾಲಿಗೆ ಬರಂಗಿಲ್ಲೇನ್ರಿ?"

ಅವರ ಮುಖ ಸಣ್ಣದಾಯಿತು. "ನಾನು ಪಾಠ ಚಂದಾಗೇ ಮಾಡ್ತೀನಿ. ಆದ್ರ ಐದು ಕ್ಲಾಸಿಗೆ ನಾವು ಇಬ್ರೇ ಇದೀವಿ. ಜನಗಣತಿ, ಓಟಿನ ಪಟ್ಟಿ ಅಂತ ಒಬ್ರು ಹೋದ್ರ ಉಳಿದವ್ರು ಒಬ್ರೇ. ಮನಿಯವ್ರು ಕೇಳ್ಲಿಲ್ರಿ, ಕಾನ್ವೆಂಟಿಗೇ ಹಾಕ್ಬೇಕಂದ್ರು," ಅಂದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೂ ತನ್ನ ಅಡುಗೆಯನ್ನು ತಾನೇ ಉಣ್ಣದವರ ಮನೆಯಲ್ಲಿ ನನ್ನ ಮಗಳು ಯಾಕೆ ಉಣ್ಣಬೇಕು ಎಂದು ಮನಸ್ಸು ಕಹಿಯಾಯಿತು.

ಬೇಸಿಗೆಯೆಲ್ಲ ಹೀಗೇ ಹೋಯಿತು. ಜೂನ್ ಬಂದರೂ ನಾನು ಒಪ್ಪಲಿಲ್ಲ. ಮಗಳು ಇನ್ನೊಂದು ವರ್ಷ ಅಂಗನವಾಡಿಯಲ್ಲೇ ಉಳಿದಳು. ಮನೆಯವರು ನನ್ನ ಮೇಲೆ ಸಿಟ್ಟಾದರು.

ಡಿಸೆಂಬರಿನಲ್ಲಿ ಕಾನ್ವೆಂಟಿನ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಇತ್ತು. ಡ್ಯಾನ್ಸಿನ ಬಟ್ಟೆ ಹೊಲಿಯಲು ನನಗೇ ಕೊಟ್ಟಿದ್ದರು. ಅಳತೆಗೆ ಬಂದವರಲ್ಲಿ ಒಬ್ಬ ಪುಟ್ಟ ಹುಡುಗಿ ಇದ್ದಳು. ಹೊಸಹಳ್ಳಿ ಕಡೆಯ ಕುರಿಗಾರನ ಮಗಳು. ಅಪ್ಪ ಕುರಿ ಹೊಡೆದುಕೊಂಡು ಊರೂರು ತಿರುಗುವವನು. ಮಗಳು ಓದಲಿ ಎಂದು ಕೂಡ್ಲಿಗಿಯಲ್ಲಿದ್ದ ತಂಗಿಯ ಮನೆಯಲ್ಲಿ ಬಿಟ್ಟಿದ್ದ. ಹುಡುಗಿ ಟೇಪಿನ ಕೆಳಗೆ ನಿಂತುಕೊಂಡೇ ಗುಣುಗುಡುತ್ತಿದ್ದಳು. ಏನದು ಎಂದು ಕೇಳಿದೆ.

"ಇಂಗ್ಲಿಷ್ ಪ್ರಶ್ನಿ ಆಂಟಿ. ಸ್ಟೇಜ್ ಮ್ಯಾಲ ಸರ್ ಕೇಳ್ತಾರ, ನಾ ಹೇಳ್ಬೇಕು."

ನಾಲ್ಕೇ ಪ್ರಶ್ನೆ. ಮೊದಲು ಹೆಸರು, ಆಮೇಲೆ ಕ್ಲಾಸು. ಮೂರನೆಯದು ಹಾಲು ಕೊಡುವ ಪ್ರಾಣಿ ಯಾವುದು, ನಾಲ್ಕನೆಯದು ನಿನ್ನ ಅಪ್ಪ ಏನು ಮಾಡುತ್ತಾನೆ. ಅವಳು ಉತ್ತರಗಳನ್ನಷ್ಟೇ ಸಾಲಾಗಿ ಒಪ್ಪಿಸುತ್ತಿದ್ದಳು. ಇದರಲ್ಲಿ ಕಲಿಕೆ ಎಲ್ಲಿದೆ ಎಂದು ನನಗನ್ನಿಸಿತು. ಆ ಕ್ಷಣವೇ ಒಂದು ಯೋಚನೆ ಹೊಳೆಯಿತು. ಅದನ್ನು ಯಾರಿಗೂ ಹೇಳಲಿಲ್ಲ.

ಗೋದಾಮಿನ ಮುಂದೆ ಶಾಮಿಯಾನ ಹಾಕಿದ್ದರು. ಭಾನುವಾರ ಮಧ್ಯಾಹ್ನ, ಕುರ್ಚಿಗಳೆಲ್ಲ ತುಂಬಿದ್ದವು. ಮುಂದಿನ ಸಾಲಿನಲ್ಲಿ ಕುರಿಗಾರ ಕೂತಿದ್ದ, ಹೆಗಲ ಮೇಲೆ ಕಂಬಳಿ, ಮೈಮೇಲೆ ಮಡಿಕೆ ಬಿಡದ ಹೊಸ ಅಂಗಿ. ಹುಡುಗಿ ನಾನು ಹೊಲಿದ ಹಳದಿ ಫ್ರಾಕು ಹಾಕಿಕೊಂಡು ಮೈಕಿನ ಮುಂದೆ ಬಂದಳು. ಹೆಡ್‌ಮಾಸ್ಟರು ಹೆಸರು ಕೇಳಿದರು, ಹೇಳಿದಳು. ಕ್ಲಾಸು ಕೇಳಿದರು, ಹೇಳಿದಳು. ಜನ ಚಪ್ಪಾಳೆ ತಟ್ಟಿದರು. ಹೆಡ್‌ಮಾಸ್ಟರು ಉಬ್ಬಿಹೋಗಿ, "ಪೇರೆಂಟ್ಸ್ ಯಾರಾದ್ರೂ ಕೇಳಬಹುದು," ಎಂದುಬಿಟ್ಟರು. ಯಾರೂ ಏಳುವುದಿಲ್ಲ ಎಂದುಕೊಂಡಿದ್ದರೋ ಏನೋ.

ನಾನು ಎದ್ದೆ. ಮೂರನೆಯದನ್ನು ಬಿಟ್ಟು ನಾಲ್ಕನೆಯದು ಕೇಳಿದೆ. "ವಾಟ್ ಈಸ್ ಯುವರ್ ಫಾದರ್?"

ಹುಡುಗಿ ಎದೆಯುಬ್ಬಿಸಿ, "ಕೌ, ಸರ್," ಅಂದಳು.

ಶಾಮಿಯಾನವೇ ಹಾರಿಹೋಗುವಂತೆ ಜನ ನಕ್ಕರು. ಹಿಂದೆ ಯಾರೋ ಅಂಬಾ ಎಂದು ಕೂಗಿದರು. ಹುಡುಗಿ ಒಂದು ಸಲ ನನ್ನನ್ನು, ಒಂದು ಸಲ ಹೆಡ್‌ಮಾಸ್ಟರನ್ನು ನೋಡಿದಳು, ಆಮೇಲೆ ಫ್ರಾಕಿನ ಅಂಚನ್ನು ಬಾಯಿಗೆ ತುರುಕಿಕೊಂಡಳು. ನನಗೆ ಗೆದ್ದೆ ಅನ್ನಿಸಿದ್ದು ನಿಜ. ಆದರೆ ಅದು ಬಹಳ ಹೊತ್ತು ಉಳಿಯಲಿಲ್ಲ. ಯಾಕೆಂದರೆ ಮುಂದಿನ ಸಾಲಿನಲ್ಲಿ ಅವಳ ಅಪ್ಪ ಎಲ್ಲರೊಂದಿಗೆ ನಗುತ್ತಿದ್ದ. ಮಗಳು ಏನೋ ಜಾಣತನದ ಮಾತು ಹೇಳಿದ್ದಾಳೆ ಎಂದುಕೊಂಡು ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟುತ್ತಿದ್ದ.

ಮನೆಗೆ ಬಂದವಳೇ ಮಿಷನ್ನಿಗೆ ಮುಸುಕು ಹಾಕಿಬಿಟ್ಟೆ. "ಬಯಲು ಮಾಡಿದಿ ಬಿಡು ಅವ್ರ ಬಣ್ಣಾನ," ಎಂದು ಮನೆಯವರು ಹೊಗಳಿದಾಗ ಇನ್ನೂ ಕಷ್ಟವಾಯಿತು.

ಮರುದಿನ ಬೆಳಿಗ್ಗೆ ಕುರಿಗಾರ ನಮ್ಮ ಬಾಗಿಲಿಗೆ ಬಂದ. ಒಳಗೆ ಕರೆದರೂ ಬರದೆ ಹೊಸ್ತಿಲ ಹೊರಗೆ ಕುಕ್ಕರುಗಾಲಲ್ಲಿ ಕೂತ.

"ಅಕ್ಕಾರ, ಮಗಳು ನಿನ್ನಿಯಿಂದ ಉಂಡಿಲ್ಲ. ಏನಾತು ಅಂದ್ರ ಹೇಳಂಗಿಲ್ಲ. ತಂಗಿಗೂ ತಿಳಿದಿಲ್ಲ. ನೀವು ಕೇಳಿದ್ದೇನು, ಆಕಿ ಅಂದಿದ್ದೇನು, ಅದನ್ನ ಹೇಳ್ರಿ ಸಾಕು."

ಬೇರೆ ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆತ ನನ್ನ ಮುಖವನ್ನೇ ನೋಡುತ್ತಿದ್ದ, ನನಗೆ ಸುಳ್ಳು ಬಾಯಿಗೆ ಬರಲಿಲ್ಲ. ಹೇಳಿದೆ. ಹೇಳುವಾಗ ನೆಲ ನೋಡುತ್ತಿದ್ದೆ.

ಆತ ಹೆಗಲ ಕಂಬಳಿ ಇಳಿಸಿ ತೊಡೆಯ ಮೇಲಿಟ್ಟುಕೊಂಡ. ಆಮೇಲೆ, "ಎಲ್ಲಾರೂ ನಕ್ರು ಅಂತ ನಾನೂ ನಕ್ಕೆ," ಅಂದ. ಮತ್ತೆ, "ಇದು ಆಕಿ ತಪ್ಪೋ, ಸಾಲಿಯವ್ರ ತಪ್ಪೋ?" ಅಂದ.

"ಆಕಿ ತಪ್ಪಲ್ಲಣ್ಣಾ. ಅವ್ರು ಬರೀ ಬಾಯಿಪಾಠ ಮಾಡಿಸ್ಯಾರ. ನನ್ನ ತಪ್ಪೂ ಐತಿ. ನನಗ ಮೊದ್ಲೇ ಗೊತ್ತಿತ್ತು."

"ನಿಮಗ ಇಂಗ್ಲಿಷ್ ಬರ್ತೈತೇನ್ರಿ?"

"ಫೇಲಾದಾಕಿ ನಾನು. ಅಷ್ಟಿಷ್ಟು ತಿಳೀತೈತಿ."

"ಹಂಗಾದ್ರ ಸಾಲಿಯವ್ರು ಸುಳ್ಳು ಅಂತೀರಿ, ನಿಮ್ಮ ಮಾತ್ನ ಹ್ಯಾಂಗ ನಂಬ್ಲಿ?" ಆತ ಸಿಟ್ಟಿನಿಂದ ಕೇಳಲಿಲ್ಲ. ಸಂತೆಯಲ್ಲಿ ಕುರಿಯ ಹಲ್ಲು ನೋಡುವವನ ಹಾಗೆ ಕೇಳಿದ. "ಬರ್ರಿ, ಇಬ್ರೂ ಹೋಗಿ ನೋಡೋಣ."

ಹೋದೆವು. ಕ್ಲಾಸಿನಲ್ಲಿ ಹಿಂದೆ ಕೂತು ನೋಡುತ್ತೇವೆ ಎಂದೆವು. ಹೆಡ್‌ಮಾಸ್ಟರು ನನ್ನ ಮುಖ ಕಂಡದ್ದೇ, "ಹಂಗೆಲ್ಲ ಕೂಡಾಕ ರೂಲ್ಸ್ ಇಲ್ಲ," ಎಂದು ಬಾಗಿಲು ಹಾಕಿಸಿದರು. ಗೇಟಿನ ತನಕ ಬಂದಿದ್ದೆವು, ಆ ಹುಡುಗಿಯ ಟೀಚರು ಹಿಂದಿನಿಂದ ಓಡಿಬಂದಳು. ಪಿಯುಸಿ ಮುಗಿಸಿ ಹೊಸದಾಗಿ ಸೇರಿದವಳು, ಇನ್ನೂ ಹುಡುಗಿಯೇ. "ಸಂಜಿಕ ಬಸ್‌ಸ್ಟ್ಯಾಂಡಿಗೆ ಬರ್ರಿ, ಮಗಳ್ನೂ ಕರ್ಕೊಂಡು ಬರ್ರಿ. ನಾ ಹೊಸಹಳ್ಳಿ ಬಸ್ಸಿಗೆ ಕಾಯ್ತಿರ್ತೀನಿ," ಎಂದು ಹೇಳಿ ಒಳಗೆ ಓಡಿದಳು.

ಸಂಜೆ ಕಲ್ಲುಬೆಂಚಿನ ಮೇಲೆ ಅವಳ ಪಕ್ಕ ಹುಡುಗಿಯನ್ನು ಕೂರಿಸಿದೆವು. ಹುಡುಗಿ ನನ್ನ ಕಡೆ ತಿರುಗಲೇ ಇಲ್ಲ.

"ಆ ನಾಕು ಪ್ರಶ್ನಿ ಹೆಡ್‌ಮಾಸ್ಟರು ಬರಕೊಟ್ಟದ್ದು," ಅಂದಳು ಟೀಚರು. "ಬಾಯಿಪಾಠ ಮಾಡಿಸು ಅಂದ್ರು, ಮಾಡಿಸಿದೆ. ಸುಳ್ಳ್ಯಾಕ ಹೇಳ್ಲಿ, ನನಗೂ ಇಂಗ್ಲಿಷ್ ಮಾತಾಡಾಕ ಬರಂಗಿಲ್ಲ. ಆದ್ರ ಈಕಿಗೆ ಓದಾಕ ಕಲಿಸೀನಿ. ಯಾವ್ದರ ತೋರಸ್ರಿ, ಓದ್ತಾಳ."

ಕುರಿಗಾರ ಸುತ್ತ ನೋಡಿ ಎದುರು ನಿಂತ ಬಸ್ಸಿನ ಬೋರ್ಡು ತೋರಿಸಿದ. ಹುಡುಗಿ ಸಣ್ಣ ದನಿಯಲ್ಲಿ, "ಕೊಟ್ಟೂರು," ಅಂದಳು. ಆತನಿಗೆ ಓದು ಬಾರದು. ಎದ್ದು ಹೋಗಿ ಕಂಡಕ್ಟರನನ್ನು, "ಇದು ಎಲ್ಲಿಗ್ರೀ?" ಎಂದು ಕೇಳಿ ವಾಪಸು ಬಂದ. ಇನ್ನೊಂದು ಬಸ್ಸು ತೋರಿಸಿದ. "ಹಗರಿಬೊಮ್ಮನಹಳ್ಳಿ." ಅದಕ್ಕೂ ಎದ್ದು ಹೋಗಿ ಕೇಳಿ ಬಂದ. ಮೂರನೆಯದನ್ನು ಓದುವಾಗ ಹುಡುಗಿಯ ದನಿ ಏರಿತ್ತು. ನಾನು ಲಾರಿಯ ಹಿಂದಿನ ಇಂಗ್ಲಿಷ್ ಅಕ್ಷರ ತೋರಿಸಿದೆ. ಅವಳು ನನ್ನನ್ನು ನೋಡದೆ ಅಕ್ಷರಕ್ಕೆ ಅಕ್ಷರ ಕೂಡಿಸಿ, ಎರಡು ಸಲ ತಡವರಿಸಿ, "ಸೌಂಡ್... ಹಾರ್ನ್," ಅಂದಳು. ಅದನ್ನು ಯಾರೂ ಬಾಯಿಪಾಠ ಮಾಡಿಸಿರಲಿಲ್ಲ.

ಕುರಿಗಾರ ಕಂಬಳಿಯ ತುದಿಯಿಂದ ಕಣ್ಣೊರೆಸಿಕೊಂಡ. "ಸಾಲಿ ಹ್ಯಾಂಗರ ಇರ್ಲಿ, ಈ ಟೀಚರು ಇರೋತನ ಬಿಡ್ಸಂಗಿಲ್ಲ," ಅಂದ. ನಾನು ಹುಡುಗಿಯ ತಲೆ ಸವರಲು ಹೋದೆ. ಅವಳು ಜರುಗಿ ಕೂತಳು.

ಮುಂದಿನ ಜೂನಿನಲ್ಲಿ ನನ್ನ ಮಗಳನ್ನೂ ಆ ಹುಡುಗಿಯ ಜೊತೆಗೇ ಆ ಟೀಚರ ಕ್ಲಾಸಿಗೆ ಸೇರಿಸಿದೆ. ಒಂದು ವರ್ಷ ಕೂಸನ್ನು ಸಾಲಿಗೆ ಹಾಕದೆ ಹುಡುಕಿದ್ದು ಸಿಕ್ಕಿತು ಎಂದುಕೊಂಡೆ. ದೀಪಾವಳಿ ರಜೆ ಮುಗಿಸಿ ಹೋದರೆ ಟೀಚರು ಇರಲಿಲ್ಲ. ಹಗರಿಬೊಮ್ಮನಹಳ್ಳಿಯ ಯಾವುದೋ ಸಾಲಿಗೆ ಸೇರಿಕೊಂಡಳಂತೆ. ಆಮೇಲೆ ಆ ಕ್ಲಾಸಿಗೆ ಒಬ್ಬರಾದ ಮೇಲೊಬ್ಬರು ಬಂದರು, ಹೋದರು. ಮಗಳ ನೋಟುಬುಕ್ಕಿನಲ್ಲಿ ಕೆಂಪು ರೈಟು ಮಾರ್ಕುಗಳು ಹೆಚ್ಚಾದವು, ಬರಹ ಕಮ್ಮಿಯಾಯಿತು. ಒಂದು ದಿನ ಪರೀಕ್ಷೆಗೆಂದೇ ನಾನು ತಪ್ಪು ಬರೆದು ಕಳಿಸಿದೆ. ಅದಕ್ಕೂ ರೈಟು ಬಿತ್ತು.

ವರ್ಷ ಮುಗಿದದ್ದೇ ಟೀಸಿ ತೆಗೆಸಿಕೊಂಡು ನಮ್ಮ ಓಣಿಯ ಸರ್ಕಾರಿ ಸಾಲಿಗೆ ಹೋದೆ. ಅದೇ ಟೀಚರು ಇದ್ದರು.

"ನನ್ನ ಮಗನೇ ಇಲ್ಲಿಲ್ಲ ಅಂತ ಗೊತ್ತಿದ್ದೂ ಕರ್ಕೊಂಡು ಬಂದೀರಲ್ಲ?" ಅಂದರು.

"ಅವತ್ತು ನೀವು ಸುಳ್ಳು ಹೇಳ್ಲಿಲ್ಲಲ್ರಿ, ಅದಕ್ಕ ಬಂದೀನಿ."

ಮನೆಯವರು ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಕುರಿಗಾರ ಮಾತ್ರ ಮಗಳನ್ನು ಕಾನ್ವೆಂಟಿನಲ್ಲೇ ಉಳಿಸಿದ. ನಡುವೆ ಬಿಡಿಸಿದರೆ ಊರವರ ನಗು ನಿಜವಾಗುತ್ತದೆ ಎಂದನಂತೆ. ಸಂತೆಗೆ ಬಂದಾಗಲೆಲ್ಲ ಮಗಳ ಕೈಯಲ್ಲಿ ಮಿರ್ಚಿ ಭಜಿ ಕಟ್ಟಿದ ಕಾಗದವನ್ನೂ ಬಿಡದೆ ಓದಿಸುತ್ತಿದ್ದ.

ಎಂಟನೆಯ ಕ್ಲಾಸಿಗೆ ಎರಡೂ ಹುಡುಗಿಯರು ಸರ್ಕಾರಿ ಹೈಸ್ಕೂಲಿನಲ್ಲಿ ಒಂದೇ ಬೆಂಚಿಗೆ ಬಂದರು. ಆ ವರ್ಷ ಅವಳು ಚೂಡಿದಾರದ ಅಳತೆ ಕೊಡಲು ನನ್ನ ಮಗಳ ಜೊತೆ ಬಂದಳು. ಮಗಳು ನೀರು ತರಲು ಒಳಗೆ ಹೋದಾಗ ಕೇಳಿದೆ.

"ಆ ಗ್ಯಾದರಿಂಗ್ ದಿನ ನಾ ಮಾಡಿದ್ದು ತಪ್ಪಾತವ್ವಾ. ನಿನಗ ನೆನಪೈತೇನು?"

"ಇಲ್ರಿ ಆಂಟಿ, ನಾ ಸಣ್ಣಾಕಿ ಇದ್ದೆ," ಎಂದು ನಕ್ಕಳು.

ನಾನು ನಂಬಲಿಲ್ಲ. ನನ್ನ ಸಮಾಧಾನಕ್ಕೆ ಹಾಗೆ ಹೇಳಿದಳು ಎಂದೇ ಇವತ್ತಿಗೂ ನನ್ನ ಅನುಮಾನ. ಕೈ ಎತ್ತು ಎಂದೆ, ಎತ್ತಿದಳು. ತೋಳಿನ ಅಳತೆ ಬರೆದುಕೊಂಡೆ. ಅಷ್ಟರಲ್ಲಿ ಮಗಳು ನೀರು ತಂದಳು, ಇಬ್ಬರೂ ಇಂಗ್ಲಿಷ್ ಪಾಠದ ಯಾವುದೋ ಪದಕ್ಕೆ ಜಗಳ ಆಡುತ್ತ ಮೆಟ್ಟಿಲಿಳಿದು ಹೋದರು.