ನಾನು ವೈನಿಗೆ ದುಭಾಷಿಯಾದದ್ದು

ನಾನು ಡೊಂಬಿವಲಿಯಲ್ಲಿ ಶಾಲೆಯ ಮಕ್ಕಳಿಗೆ ಫ್ರೆಂಚ್ ಟ್ಯೂಷನ್ ಹೇಳುತ್ತೇನೆ. ಅಂಕಕ್ಕಾಗಿ ಕಲಿಯುವ ಅವರು ಪರೀಕ್ಷೆಯ ಮರುದಿನವೇ ಎಲ್ಲ ಮರೆಯುತ್ತಾರೆ. ನನ್ನ ಫ್ರೆಂಚನ್ನು ನಿಜವಾದ ಫ್ರೆಂಚರೊಬ್ಬರು ಕೇಳುವ ದಿನ ಬರುತ್ತದೆಂದು ನಾನು ಎಣಿಸಿರಲಿಲ್ಲ.

ವಿದೇಶಿ ವೈನ್ ತರಿಸಿ ಮಾರುವ ನವಿ ಮುಂಬಯಿಯ ವ್ಯಾಪಾರಿಯೊಬ್ಬರು ಒಮ್ಮೆ ಫೋನ್ ಮಾಡಿದರು. ಫ್ರಾನ್ಸಿನಿಂದ ದ್ರಾಕ್ಷಿ ತೋಟದ ಒಡತಿಯೊಬ್ಬರು ಬಂದಿದ್ದಾರೆ, ಘೋಡಬಂದರ್ ರಸ್ತೆಯ ಒಂದು ವಸತಿ ಸೊಸೈಟಿಯ ಕ್ಲಬ್‌ಹೌಸಿನಲ್ಲಿ ಭಾನುವಾರ ಸಂಜೆ ತಮ್ಮ ಕೆಂಪು ವೈನಿನ ರುಚಿ ತೋರಿಸುತ್ತಾರೆ, ಇಂಗ್ಲಿಷ್ ಅಷ್ಟಕ್ಕಷ್ಟೆ, ನೀವು ದುಭಾಷಿಯಾಗಿ ಎಂದರು. ಒಪ್ಪಿಕೊಂಡೆ. ತಿಂಡಿಗೆ ಅಪ್ಪನನ್ನೇ ಸೂಚಿಸಿದೆ. ಅಪ್ಪ ನಲವತ್ತು ವರ್ಷಗಳಿಂದ ಸ್ಟೇಷನ್ ಪಕ್ಕ ಉಡುಪಿ ಹೋಟೆಲು ನಡೆಸುವವರು, ಮದ್ಯ ಮುಟ್ಟಿದವರಲ್ಲ.

ಆ ಸೊಸೈಟಿ ಕಟ್ಟಾ ಸಸ್ಯಾಹಾರಿ. ತಿಂಡಿಗೆ ಮೊಟ್ಟೆಯ ಸೋಂಕೂ ಇಲ್ಲವೆಂದು ಅಪ್ಪನಿಂದ ಬರೆಸಿಕೊಂಡ ಮೇಲೆಯೇ ಸೆಕ್ರೆಟರಿ ಗೇಟು ತೆರೆಸಿದರು. ವೈನಿಗೆ ಅವರ ತಕರಾರಿರಲಿಲ್ಲ, ದ್ರಾಕ್ಷಿ ಹಣ್ಣಲ್ಲವೇ? ತಕರಾರು ಎದ್ದದ್ದು ಬಕೆಟ್ಟಿನ ಮೇಲೆ. ರುಚಿ ನೋಡಿ ಉಗುಳಲೆಂದು ಒಡತಿ ಅದನ್ನು ಇಡಿಸಿದ್ದರು.

"ಮ್ಯಾಡಮ್, ಇಧರ್ ಥೂಕನಾ ಮನಾ ಹೈ," ಎಂದು ಸೆಕ್ರೆಟರಿ ಇಲ್ಲಿ ಉಗುಳಬಾರದೆಂಬ ಗೋಡೆಯ ಬೋರ್ಡು ತೋರಿಸಿದರು. ಬಕೆಟ್ ಹೊರಗೆ ಹೋಯಿತು. ಜನ ಪ್ರತಿ ಗುಟುಕನ್ನೂ ಶಿಸ್ತಾಗಿ ನುಂಗಿದರು.

ಒಡತಿ ಮನೆತನದ ಕಥೆ ಹೇಳತೊಡಗಿದರು. ಅವರ ಮುತ್ತಜ್ಜನ ತಂದೆಯ ಕಾಲದಲ್ಲಿ ಹೇನಿನಂಥ ಹುಳ ಬೇರು ತಿಂದು ಬಳ್ಳಿಗಳೆಲ್ಲ ಒಣಗಿದವಂತೆ. ಆ ಹಿರಿಯರು ಅಮೆರಿಕದಿಂದ ಬೇರು ತರಿಸಿ, ಅದರ ಮೇಲೆ ತಮ್ಮ ಬಳ್ಳಿ ಕಸಿ ಮಾಡಿ ತೋಟ ಉಳಿಸಿಕೊಂಡರಂತೆ. ವೈನಿನ ಕೆಂಪು ಬಣ್ಣ ರಸದ್ದಲ್ಲ, ಸಿಪ್ಪೆಯದು. ಅದಕ್ಕೇ ಸಿಪ್ಪೆಯ ಸಮೇತ ಹುಳಿಬರಿಸಿ, ಆಮೇಲೆ ಓಕ್ ಮರದ ಪೀಪಾಯಿಯಲ್ಲಿಡುವುದು. ನಾನು ಎಲ್ಲವನ್ನೂ ಹಿಂದಿಯಲ್ಲಿ ಹೇಳುತ್ತ ಹೋದೆ. ಜನ ಮೂರನೆಯ ಗ್ಲಾಸಿನಲ್ಲಿದ್ದರು.

ಆಗ ಆಕೆ, ವೈನ್ ತಿಳಿಯಾಗಲೆಂದು ಪ್ರತಿ ಪೀಪಾಯಿಗೂ ಮೊಟ್ಟೆಯ ಬಿಳಿ ಹಾಕುತ್ತೇವೆ, ಇದು ನಮ್ಮ ಹಿರಿಯರ ಪದ್ಧತಿ ಎಂದು ಹೆಮ್ಮೆಯಿಂದ ಹೇಳಿದರು.

ಏನೋ ಒಂದು ಬಿಳಿಯ ಪದಾರ್ಥ ಹಾಕುತ್ತಾರಂತೆ ಎಂದು ತೇಲಿಸಿದೆ. ಸೆಕ್ರೆಟರಿ "ಕೌನ್‌ಸಾ?" ಎಂದು ಯಾವುದೆಂದು ಕೇಳಿದರು. ನನಗೆ ಪದ ಮರೆತಿದೆ ಎಂದುಕೊಂಡು ಒಡತಿ ನೆರವಿಗೆ ಬಂದರು. ಗ್ಲಾಸಿನ ಅಂಚಿಗೆ ಕೈ ಕುಟ್ಟಿ, ಒಡೆದು, ಸೋರಿಸುವ ಅಭಿನಯ ಮಾಡಿದರು. ಅಷ್ಟೂ ಸಾಲದೆಂದು ಕೋಳಿಯಂತೆ ಕೂಗಿದರು.

ಗ್ಲಾಸುಗಳು ತುಟಿಯಿಂದ ಕೆಳಗಿಳಿದವು. ಬೋಂಡಾದ ತಟ್ಟೆ ಹಿಡಿದಿದ್ದ ಅಪ್ಪ ಹತ್ತಿರ ಬಂದರು.

"ಎಂತ ಮಗಾ, ಮೊಟ್ಟೆಯಾ?"

"ಹೌದಪ್ಪ."

"ಹಾಗಾದ್ರೆ ಹೇಳಿಬಿಡು. ತಿನ್ನಲಿಕ್ಕೆ ಕೂತವರಿಗೆ ಸುಳ್ಳು ಹೇಳ್ಬಾರದು."

ಹೇಳಿದೆ. ಇಬ್ಬರು ಹೆಂಗಸರು ಬಾಯಿ ಮುಚ್ಚಿಕೊಂಡು ವಾಶ್‌ಬೇಸಿನ್ನಿಗೆ ಓಡಿದರು. ಹಿರಿಯರೊಬ್ಬರು ಬಕೆಟ್ ಎಲ್ಲಿ ಎಂದು ಕೇಳಿದರು. ನಾನು ಒಡತಿ ವಿವರಿಸಿದ ಉಳಿದದ್ದನ್ನೂ ಹೇಳಿ ಮುಗಿಸಿದೆ: ಆ ಬಿಳಿ, ವೈನಿನ ಗಸಿಯನ್ನೆಲ್ಲ ಹಿಡಿದುಕೊಂಡು ತಳಕ್ಕಿಳಿಯುತ್ತದೆ, ಮೇಲಿನ ತಿಳಿ ಮಾತ್ರ ಬಾಟಲಿಗೆ ಬರುತ್ತದೆ.

ಎಲ್ಲರೂ ಸೆಕ್ರೆಟರಿಯ ಮುಖ ನೋಡಿದರು. ಅವರು ಗ್ಲಾಸನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಪರೀಕ್ಷಿಸಿದರು.

"ಅಂಡಾ ನೀಚೆ ಬೈಠ್ ಗಯಾ ನಾ? ಹಮ್‌ನೆ ತೋ ಊಪರ್ ಕಾ ಪಿಯಾ," ಎಂದರು. ಮೊಟ್ಟೆ ತಳದಲ್ಲಿ ಕೂತಿತು, ನಾವು ಕುಡಿದದ್ದು ಮೇಲಿನದು ಎಂದು ತೀರ್ಪು ಕೊಟ್ಟು ಉಳಿದದ್ದನ್ನು ಕುಡಿದರು. ಬೇಸಿನ್ನಿಗೆ ಓಡಿದವರಲ್ಲಿ ಒಬ್ಬರು ಮೆಲ್ಲಗೆ ಹಿಂದಿರುಗಿದರು.

ಪಾತ್ರೆ ಕಟ್ಟುವಾಗ ಅಪ್ಪ ನನ್ನನ್ನು ಕರೆದರು. "ಬಿಳಿಯೆಲ್ಲ ಪೀಪಾಯಿಗೆ ಹೋದ್ರೆ ಹಳದಿ ಎಂತ ಮಾಡ್ತಾರೆ ಕೇಳು. ಬಿಸಾಡ್ತಾರಾ?"

ಕೇಳಿದೆ. ಒಡತಿಯ ಮುಖ ಅರಳಿತು. ಎಷ್ಟು ಊರು ಸುತ್ತಿದರೂ ಇದನ್ನು ಕೇಳಿದವರಿಲ್ಲ ಎಂದರು. ಅಜ್ಜಿ ಅದರಲ್ಲಿ ಕೇಕ್ ಮಾಡಿ ತೋಟದ ಆಳುಗಳಿಗೆಲ್ಲ ಹಂಚುತ್ತಿದ್ದರಂತೆ. ಈಗ ಊರಿನ ಬೇಕರಿಗೆ ಕೊಡುತ್ತಾರಂತೆ.

ಅಪ್ಪನಿಗೆ ಸಮಾಧಾನವಾಯಿತು. "ಒಳ್ಳೆ ಮನೆಯವರೇ," ಎಂದು ಉಳಿದ ಬೋಂಡಾಗಳನ್ನೆಲ್ಲ ಕಾಗದದಲ್ಲಿ ಸುತ್ತಿ ಒಡತಿಯ ಕೈಗಿತ್ತರು.